ನಾಟಕ ಕಂಪನಿ ಪ್ರೋಮೋ ಕಟ್ಟಿದ್ದು: ಯಾವ ಪರದೆ ಮುಂದ, ಯಾವುದು ಹಿಂದ

ಬನಶಂಕರಿ ಜಾತ್ರಿಗೆ ಟೆಂಟ್ ಹಾಕೋ ನಾಟಕ ಕಂಪನಿ ಒಂದರ ಮಾಲಕ್ರು ನಮ್ಮ ಅಂಗಡಿಗೆ ಬಂದು, ಈ ಸಲ ಬರೇ ಪಾಂಪ್ಲೆಟ್ ಮತ್ತ ಮೈಕ್ ಆಟೋ ಸಾಲಂಗಿಲ್ಲ ತಮ್ಮಾ, ಎಲ್‌ಇಡಿ ಗಾಡಿ ಮ್ಯಾಲ ಓಡಸಾಕ ಒಂದು ವಿಡಿಯೊ ಮಾಡಿಕೊಡು ಅಂದ್ರು. 40 ಸೆಕೆಂಡ್. ಮೊದಲ ಅಂಕದ ಪರದೆ ಸರೀಬೇಕು, ಒಳಗ ಬನಶಂಕರಿ ಹೊಂಡ ಕಾಣಬೇಕು, ಆಮ್ಯಾಲ ಒಂದು ಸಾಲು ಅಕ್ಷರ, ಕಡೀಕ ಕಲಾವಿದರ ಫೋಟೊ. ನಮ್ಮದು ಗುಳೇದಗುಡ್ಡದಾಗ ಸಣ್ಣ ಸ್ಟುಡಿಯೊ, ದಿನಾ ಮಾಡೋದು ಮದುವಿ ಆಲ್ಬಮ್ಮು, ಸೀಮಂತದ ವಿಡಿಯೊ, ಅದರ ಟೈಟಲ್ಲು. ಆಫ್ಟರ್ ಎಫೆಕ್ಟ್ಸ್ (ಚಿತ್ರ, ಅಕ್ಷರ ಓಡಾಡಸೋ ವಿಡಿಯೊ ಸಾಫ್ಟ್‌ವೇರ್) ಬರ್ತೈತಿ, ಆದ್ರ ಖರೇ ಹೇಳಬೇಕಂದ್ರ ಇಷ್ಟು ದಿನ ಯಾರೋ ಮಾಡಿಟ್ಟ ಟೆಂಪ್ಲೇಟಿನಾಗ ವಧು ವರರ ಹೆಸರು ಬದಲಿ ಮಾಡಿ ಕೊಟ್ಟವ ನಾನು. ಮೊದಲಿಂದ ಕಡೀತನಕ ನಾನ ಕಟ್ಟಿದ್ದು ಇದ ಮೊದಲು. ಐದು ರಾತ್ರಿ ಹಿಡೀತು, ಅದರಾಗ ಮೂರು ರಾತ್ರಿ ಹೋಗಿದ್ದು ಯಾವ ಲೇಯರ್ (ಒಂದರ ಮ್ಯಾಲ ಒಂದು ಇಡೋ ಚಿತ್ರದ ಪದರ) ಮುಂದ ಯಾವುದು ಹಿಂದ ಅನ್ನೋದರಾಗ, ಅದಕ್ಕ ಮರಿಯೋಕಿಂತ ಮೊದಲ ಬರದಿಡಾಕತ್ತೀನಿ.

ಇನ್ನೊಂದು ಹೇಳಬೇಕು, ನಮ್ಮ ಕಾಕಾ ವಯಸ್ಸಿನಾಗ ಇದ್ದಾಗ ನಾಟಕ ಕಂಪನಿಯೊಳಗ ಪರದೆ ಎಳಿಯೋ ಕೆಲಸ ಮಾಡಿದಂವ. ಈಗ ಸಂಜಿ ಆದ ಕೂಡ್ಲೇ ಅಂಗಡಿಗೆ ಬಂದು ಕುರ್ಚಿ ಹಾಕ್ಕೊಂಡು ಕೂಡತಾನ. ಕಂಪ್ಯೂಟರ್ ಅಂದ್ರ ಅಂವಗ ಏನೂ ಗೊತ್ತಿಲ್ಲ, ಆದ್ರ ನಾ ತಲಿ ಕೆಡಿಸಿಕೊಂಡಿದ್ದನ್ನ ಒಂದು ಸಲ ಅಂವ ಕುಂತಲ್ಲೇ ಬಿಡಿಸಿದ.

ಮೊದಲನೇ ದಿನ ಫೋಟೊ. ಬೆಳಿಗ್ಗೆ ಲಗೂನ ಬೈಕ್ ತಗೊಂಡು ಬಾದಾಮಿ ದಾಟಿ ಚೊಳಚಗುಡ್ಡಕ್ಕ ಹೋದೆ. ಜಾತ್ರಿ ಗದ್ದಲ ಶುರು ಆದ್ರ ಅಲ್ಲಿ ಟ್ರೈಪಾಡ್ ಇಡಾಕ ಜಾಗ ಸಿಗಂಗಿಲ್ಲ, ಬನದ ಹುಣ್ಣಿವಿ ತೇರಿನ ಹೊತ್ತಿಗಂತೂ ಕಾಲಿಡಾಕ ಜಾಗ ಇರಂಗಿಲ್ಲ. ಹರಿದ್ರಾತೀರ್ಥ ಹೊಂಡದ ದಂಡಿಗೆ ನಿಂತ್ರ ಒಂದ ಫ್ರೇಮಿನಾಗ ಎಲ್ಲಾ ಬರ್ತೈತಿ: ಹಿಂದ ಆಕಾಶ, ಅದರ ಮುಂದ ಕಲ್ಲಿನ ಮಂಟಪದ ಸಾಲು ಮತ್ತ ನೀರು, ನಡುವ ದೀಪಸ್ತಂಭ, ಮೂಲಿಯೊಳಗ ತೆಂಗಿನ ಗರಿ. ನಾಕು ಪದರ, ದೇವರ ಮಾಡಿಟ್ಟಂಗ.

ಫೋಟೊಶಾಪಿನಾಗ ನಾಕೂ ಬ್ಯಾರೆ ಬ್ಯಾರೆ ಕತ್ತರಿಸಿದೆ. ಗರಿ ಕತ್ತರಿಸೋದು ಮಾತ್ರ ಯಾರಿಗೂ ಬ್ಯಾಡ್ರಿ, ಅದೊಂದಕ್ಕ ಮಧ್ಯಾಹ್ನ ಪೂರ್ತಿ ಹೋತು. ಸ್ತಂಭ ತಗದ ಮ್ಯಾಲ ಮಂಟಪದಾಗ ಸ್ತಂಭದ ಆಕಾರದ್ದ ಒಂದು ತೂತು ಉಳೀತೈತಿ, ಅದನ್ನ ಕ್ಲೋನ್ ಸ್ಟ್ಯಾಂಪಿನಿಂದ ತುಂಬಬೇಕು, ಇಲ್ಲಂದ್ರ ಸಾಫ್ಟ್‌ವೇರಿನೊಳಗಿನ ಕ್ಯಾಮೆರಾ ಜರಗಿದ ಕೂಡ್ಲೇ ಹಿಂದ ಖಾಲಿ ಜಾಗ ಕಾಣ್ತೈತಿ. ಪೂರ್ತಿ ತುಂಬೋದು ಬ್ಯಾಡ, ಅಂಚಿನಿಂದ ಒಳಗ ಕ್ಯಾಮೆರಾ ಎಷ್ಟು ಇಣುಕ್ತೈತಿ ಅಷ್ಟು ತುಂಬಿದ್ರ ಸಾಕು.

ಪಿಎಸ್‌ಡಿ (ಆ ಫೋಟೊಶಾಪ್ ಫೈಲು) ಆಫ್ಟರ್ ಎಫೆಕ್ಟ್ಸಿಗೆ ಇಂಪೋರ್ಟ್ ಮಾಡುವಾಗ ಮೊದಲನೇ ತಪ್ಪು. ಅಲ್ಲಿ ಎರಡು ಥರ ಕೇಳ್ತೈತಿ, ಬರೇ ಕಾಂಪೊಸಿಷನ್ (ಲೇಯರ್ ಎಲ್ಲಾ ಜೋಡಸೋ ಚೌಕಟ್ಟು, ಕಾಂಪ್ ಅಂತೀವಿ) ಅಂತ ಒಂದು, ಕಾಂಪೊಸಿಷನ್ ರಿಟೇನ್ ಲೇಯರ್ ಸೈಝಸ್ ಅಂತ ಇನ್ನೊಂದು. ನಾ ಯಾವಾಗಲೂ ಎರಡನೇದ್ದು ಒತ್ತಾಂವ, ಯಾಕಂದ್ರ ಪ್ರತಿ ಲೇಯರ್ ತನ್ನ ಅಳತಿಗೆ ಬರ್ತೈತಿ, ಹಿಡದು ಜಗ್ಗಾಕ ಸಸಾರ. ಆದ್ರ ಅದರಾಗ ಆ್ಯಂಕರ್ ಪಾಯಿಂಟ್ (ಲೇಯರ್ ಯಾವ ಚುಕ್ಕಿ ಹಿಡದು ದೊಡ್ಡದು ಸಣ್ಣದು ಆಗ್ತೈತಿ ಅದು) ಆಯಾ ಲೇಯರಿನ ನಡುವ ಇರ್ತೈತಿ. ಸ್ತಂಭ ಫ್ರೇಮಿನ ಎಡಕ್ಕ ಐತಿ ಅಂದ್ರ ಅದರ ಆ್ಯಂಕರೂ ಎಡಕ್ಕ. ಅದನ್ನ ಹಿಂದ ದೂಡಿ ಅಷ್ಟ ದೊಡ್ಡದು ಮಾಡಿದ್ರ ಗಾತ್ರ ಸರಿ ಬರ್ತೈತಿ, ಜಾಗ ಮಾತ್ರ ನಡುವಿನ ಕಡೆ ಜರಗಿ ಬಿಡ್ತೈತಿ. ಸ್ತಂಭ ಹೊಂಡದಾಗ ಬಂದು ನಿಂತಿತ್ತು. ಬರೇ ಕಾಂಪೊಸಿಷನ್ ಅಂತ ತಗೊಂಡ್ರ ನಾಕೂ ಲೇಯರ್ ಪೂರ್ತಿ ಫ್ರೇಮಿನಷ್ಟ ಇರ್ತಾವು, ಆ್ಯಂಕರ್ ಎಲ್ಲಾದರದೂ ಫ್ರೇಮಿನ ನಟ್ಟನಡುವ, ಆವಾಗ ಲೆಕ್ಕ ಒಂದ ಸೂತ್ರಕ್ಕ ಬರ್ತೈತಿ.

ಸೂತ್ರ ಹೇಳ್ತೀನಿ, ಇದು ಬರದಿಟ್ಕೋರಿ. 1920 ಅಗಲದ ಕಾಂಪಿನಾಗ 50 ಎಂಎಂ ಕ್ಯಾಮೆರಾ ಹಾಕಿದ್ರ ಅದು 2666.7 ಪಿಕ್ಸೆಲ್ ದೂರ ನಿಲ್ತೈತಿ. ಯಾಕಂದ್ರ ಫಿಲ್ಮ್ ಅಗಲ 36 ಎಂಎಂ ಅಂತ ಹಿಡದಿರ್ತಾರ, 1920ನ್ನ 50ರಿಂದ ಗುಣಿಸಿ 36ರಿಂದ ಭಾಗಿಸಿದ್ರ ಅದ ಬರ್ತೈತಿ. ಈಗ ಒಂದು ಲೇಯರನ್ನ ಝೆಡ್ (ಮುಂದ ಹಿಂದಿನ ದೂರದ ಅಳತಿ) ಒಳಗ 4000 ಹಿಂದ ದೂಡಿದ್ರ ಕ್ಯಾಮೆರಾದಿಂದ ಅದರ ದೂರ 6666.7, ಅಂದ್ರ ಎರಡೂವರೆ ಪಟ್ಟು. ಹಂಗಾರ ಸ್ಕೇಲ್ (ಗಾತ್ರ) ಶೇಕಡಾ 250 ಮಾಡಿದ್ರ ಫ್ರೇಮಿನಾಗ ಮೊದಲು ಹೆಂಗ ಕಾಣ್ತಿತ್ತೋ ಹಂಗ ಕಾಣ್ತೈತಿ. ಆಕಾಶ 4000ಕ್ಕ 250, ಮಂಟಪ 2000ಕ್ಕ 175, ಸ್ತಂಭ 1000ಕ್ಕ 137.5, ಅಕ್ಷರ ಸೊನ್ನಿಯೊಳಗ 100, ಗರಿ ಮೈನಸ್ 800ಕ್ಕ 70, ಅಂಕದ ಪರದೆ ಮೈನಸ್ 1200ಕ್ಕ 55. ಝೆಡ್ ಹೆಚ್ಚಾದಂಗ ಹಿಂದ ಹೋಗ್ತೈತಿ, ಮೈನಸ್ ಆದ್ರ ನಮ್ಮ ಕಡೆ ಬರ್ತೈತಿ. 250 ಅಂದ ಕೂಡ್ಲೇ ಫೋಟೊ ಒಡೀತೈತಿ ಅಂತ ಹೆದರಬ್ಯಾಡ್ರಿ, ದೊಡ್ಡದು ಮಾಡಿದಷ್ಟ ದೂರನೂ ಹೋಗೈತಲ್ಲ. ಕ್ಯಾಮೆರಾ ಒಳಗ ನುಗ್ಗಿದಾಗ ಮಾತ್ರ ಒಡೀತೈತಿ, ಅದೂ ಮುಂದಿನ ಲೇಯರ್ ಮೊದಲ. ಅದಕ್ಕ ಗರಿ ಮತ್ತ ಪರದೆ ಎರಡನ್ನೂ ಇದ್ದ ಅಳತಿಗಿಂತ ದೊಡ್ಡ ಫೈಲಿನಾಗ ಇಟ್ಟೆ.

ಎರಡನೇ ರಾತ್ರಿ. ಎಲ್ಲಾ ಲೇಯರಿಗೂ ಆಳ ಕೊಡೋ ತ್ರೀಡಿ ಸ್ವಿಚ್ ಒತ್ತಿದೆ, ಕ್ಯಾಮೆರಾ ಹಾಕಿದೆ, ಗರಿ ಸ್ವಲ್ಪ ಹಿಂದ ಬೇಕು ಅನಿಸ್ತು. ಟೈಮ್‌ಲೈನಿನಾಗ (ಲೇಯರಿನ ಪಟ್ಟಿಯೊಳಗ) ಗರಿ ಲೇಯರ್ ಹಿಡದು ಕೆಳಗ ಎಳದೆ. ಏನೂ ಆಗಲಿಲ್ಲ. ಇನ್ನೂ ಕೆಳಗ ಎಳದೆ, ಆಕಾಶದ ಕೆಳಗ, ಎಲ್ಲಾಕ್ಕಿಂತ ಕೆಳಗ. ಗರಿ ಇದ್ದಲ್ಲೇ ಮುಂದ ನಿಂತೈತಿ, ನಗಾಕತ್ತೈತಿ. ಕಂಟ್ರೋಲ್ ಆಲ್ಟ್ ಮ್ಯಾಲಿನ ಬಾಣ, ಕೆಳಗಿನ ಬಾಣ, ಎಲ್ಲಾ ಒತ್ತಿ ನೋಡ್ದೆ, ಲೇಯರ್ ಹತ್ತಿ ಇಳಿಯೋದು ಕಾಣ್ತೈತಿ, ಚಿತ್ರ ಹಂಗ ಐತಿ. ಸಾಫ್ಟ್‌ವೇರ್ ಹ್ಯಾಂಗ್ ಆಗೈತಿ ಅಂತ ಬಂದ್ ಮಾಡಿ ಮತ್ತ ತಗದೆ. ಅಷ್ಟರಾಗ ಕಾಕಾ ಕೇಳಿದ, ಏನಲೇ ಅದು ಮ್ಯಾಲ ಕೆಳಗ ಮಾಡಾಕತ್ತೀದಿ ಅಂತ. ಹೇಳ್ದೆ. ಅಂವ ಅಂದ, "ನಮ್ಮ ಕಡೆನೂ ಹಗ್ಗ ಎಲ್ಲಾ ಸೈಡ್ ವಿಂಗಿನಾಗ ಗೂಟಕ್ಕ ಸಾಲಾಗಿ ಕಟ್ಟಿರ್ತಿದ್ವಿ. ಅರಮನಿ ಪರದೆ ಹಗ್ಗ ಯಾವ ಗೂಟಕ್ಕ ಕಟ್ಟಿದ್ರ ಏನು, ಪರದೆ ಸ್ಟೇಜಿನ ಮ್ಯಾಲ ಎಲ್ಲಿ ಜೋತು ಬಿದ್ದೈತಿ ಅಲ್ಲೇ ಕಾಣ್ತೈತಿ."

ಅಷ್ಟ ವಿಷಯ. ಟೂಡಿ ಲೇಯರ್ ಇದ್ರ ಗೂಟದ ಸಾಲೇ ಸಾಲು, ಮ್ಯಾಲಿಂದು ಮುಂದ. ತ್ರೀಡಿ ಮಾಡಿದ ಕೂಡ್ಲೇ ಎಲ್ಲಿ ಜೋತು ಬಿದ್ದೈತಿ, ಅಂದ್ರ ಝೆಡ್, ಅದು ಲೆಕ್ಕ. ಎರಡು ತ್ರೀಡಿ ಲೇಯರ್ ಒಂದ ಝೆಡ್ ಮ್ಯಾಲ ಇದ್ರ ಮಾತ್ರ ಮತ್ತ ಗೂಟದ ಸಾಲು ನೋಡ್ತೈತಿ. ಇಷ್ಟು ವರ್ಷ ಟೆಂಪ್ಲೇಟ್ ತಿದ್ದಾಂವಗ ಇದು ಗೊತ್ತಿರಲಿಲ್ಲ ಅಂದ್ರ ನಾಚಿಕಿ ಬರ್ತೈತಿ, ಆದ್ರ ಗೊತ್ತಿರಲಿಲ್ಲ.

ಅದ ರಾತ್ರಿ ಪರದೆ ಮಾಡಿದೆ. ಕೆಂಪು ಮಖಮಲ್ಲಿನ ಬಟ್ಟಿ ನೆಟ್ಟಿನಾಗ ಎಷ್ಟರ ಸಿಗ್ತಾವು, ಎಲ್ಲಾ ಪ್ಲಾಸ್ಟಿಕ್ ಕಂಡಂಗ ಕಾಣ್ತಾವು. ನಮ್ಮ ಊರಾಗ ಕುಂತು ಅದನ್ಯಾಕ ತಗೋಳೋದು ಅಂತ ಅವ್ವನ ಟ್ರಂಕಿನಾಗ ಇದ್ದ ಒಂದು ಹಳೇ ಕಣ (ಕುಪ್ಪಸದ ಬಟ್ಟಿ) ತಗೊಂಡು ಸ್ಕ್ಯಾನರಿನ ಮ್ಯಾಲ ಹಾಸಿ 600 ಡಿಪಿಐ ಒಳಗ ಹೊಡದೆ. ಗುಳೇದಗುಡ್ಡ ಕಣದ ಆ ಸಣ್ಣ ಸಣ್ಣ ಬುಟ್ಟಾ, ನೂಲಿನ ಹೊಳಪು, ಪರದೆ ಕೆಳಗಿನ ಅಂಚಿಗೆ ಹಾಕಿದ್ರ ಖರೇ ಕಂಪನಿ ಪರದೆ ಆತು. (ಕಣ ವಾಪಸ್ ಕೊಡುವಾಗ ಸ್ಕ್ಯಾನರಿನ ಧೂಳು ಹತ್ತಿತ್ತು, ಅದರ ಸುದ್ದಿ ಇಲ್ಲಿ ಬ್ಯಾಡ.) ಬಟ್ಟಿ ಅಲುಗಾಡಾಕ ವೇವ್ ವಾರ್ಪ್ ಅನ್ನೋ ಎಫೆಕ್ಟ್ ಹಾಕಿದೆ, ಅಂಚು ಬ್ಲೇಡಿನಿಂದ ಕೊಯ್ದಂಗ ಕಟ್ ಆತು. ಲೇಯರಿನ ಅಳತಿ ದಾಟಿ ಅಲಿ ಹೊರಗ ಬರಂಗಿಲ್ಲ ಅದಕ್ಕ. ಪರದೆನ ಸುತ್ತ 200 ಪಿಕ್ಸೆಲ್ ಖಾಲಿ ಬಿಟ್ಟು ಒಂದು ಪ್ರೀಕಾಂಪಿನಾಗ (ಕಾಂಪಿನೊಳಗಿನ ಕಾಂಪು) ಇಟ್ಟು, ಎಫೆಕ್ಟ್ ಪ್ರೀಕಾಂಪಿನ ಮ್ಯಾಲ ಹಾಕಿದ್ರ ಸರಿ ಆತು. ಅರ್ಧ ಪರದೆ ಮಾಡಿ, ಅದರ ನಕಲು ತಗೊಂಡು ಎಕ್ಸ್ ಸ್ಕೇಲ್ ಮೈನಸ್ ಕೊಟ್ಟು ತಿರುವಿದೆ. ಎರಡೂ ಒಂದ ಹೊತ್ತಿಗೆ ಅಲುಗಾಡಿದ್ರ ಕನ್ನಡಿ ಹಿಡದಂಗ ಕಾಣ್ತೈತಿ, ಒಂದರ ವೇವ್ ಫೇಸ್ ಸ್ವಲ್ಪ ಬದಲಿ ಮಾಡ್ರಿ.

ಮೂರನೇ ರಾತ್ರಿ ಇದ್ದದ್ದು ದೊಡ್ಡ ಪೆಟ್ಟು. ಮಂಟಪಕ್ಕ ಬೆಳಗಿನ ಮಂಜಿನ ಥರ ಏನರ ಬೇಕು ಅನಿಸ್ತು, ದೂರ ಇದ್ದದ್ದು ಮಬ್ಬಾದ್ರ ಆಳ ಚೊಲೊ ಕಾಣ್ತೈತಿ. ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿದೆ, ಅದಕ್ಕ ತನ್ನ ಚಿತ್ರ ಇರಂಗಿಲ್ಲ, ಬರೇ ಎಫೆಕ್ಟ್ ಹೊರೋದು. ಅದರಾಗ ಕರ್ವ್ಸ್ (ಬೆಳಕು, ಬಣ್ಣ ತಿದ್ದೋದು) ಮತ್ತ ಸ್ವಲ್ಪ ಬ್ಲರ್. ಅದು ತನ್ನ ಕೆಳಗಿನ ಲೇಯರಿಗೆ ಮಾತ್ರ ಹತ್ತೈತಿ ಅಂತ ಗೊತ್ತಿತ್ತು, ಅದಕ್ಕ ಆಕಾಶ ಮತ್ತ ಮಂಟಪದ ಮ್ಯಾಲ, ಸ್ತಂಭದ ಕೆಳಗ ಸಿಗಸಿದೆ. ಚೊಲೊ ಕಾಣ್ತು. ಆಮ್ಯಾಲ ಅಕ್ಷರ ತಂದೆ, ಝೆಡ್ ಸೊನ್ನಿ, ಅಂದ್ರ ಸ್ತಂಭಕ್ಕಿಂತ ಸಾವಿರ ಮುಂದ. ಅಕ್ಷರ ಸ್ತಂಭದ ಹಿಂದ ಹೋತು! ಝೆಡ್ ಮೈನಸ್ 100 ಮಾಡ್ದೆ, ಮೈನಸ್ 500 ಮಾಡ್ದೆ. ಅಕ್ಷರ ದೊಡ್ಡದಾಗ್ತೈತಿ, ಆದ್ರ ಹಿಂದ ಐತಿ. ನಿನ್ನೆ ಅಷ್ಟ ಕಲಿತಿದ್ದು, ತ್ರೀಡಿ ಅಂದ್ರ ಝೆಡ್, ಗೂಟಕ್ಕ ಬೆಲಿ ಇಲ್ಲ ಅಂತ. ಇವತ್ತು ಝೆಡ್ಡಿಗೂ ಬೆಲಿ ಇಲ್ಲ. ಪಿತ್ತ ಏರಿತು.

ಎರಡು ತಾಸು ಆದ ಮ್ಯಾಲ ಒಂದೊಂದ ಲೇಯರಿನ ಕಣ್ಣಿನ ಗುರುತು ಮುಚ್ಚಿ, ಅಂದ್ರ ಲೇಯರ್ ಕಾಣದಂಗ ಮಾಡಿ, ನೋಡ್ಕೋತ ಬಂದೆ. ಅಡ್ಜಸ್ಟ್‌ಮೆಂಟಿನ ಕಣ್ಣು ಮುಚ್ಚಿದ ಕೂಡ್ಲೇ ಅಕ್ಷರ ಟಪ್ಪಂತ ಮುಂದ ಬಂತು. ಆವಾಗ ತಿಳೀತು. ಅಕ್ಷರ ನಾ ಟೈಪ್ ಮಾಡುವಾಗ ಮಂಟಪದ ಹತ್ರ, ಅಡ್ಜಸ್ಟ್‌ಮೆಂಟಿಗಿಂತ ಕೆಳಗ ಬಿದ್ದಿತ್ತು. ತ್ರೀಡಿ ಲೇಯರುಗಳ ನಡುವ ಒಂದು ಟೂಡಿ ಲೇಯರರ ಅಡ್ಜಸ್ಟ್‌ಮೆಂಟರ ಬಂತಂದ್ರ ಅದು ಗ್ವಾಡಿ ಕಟ್ಟಿದಂಗ. ಗ್ವಾಡಿಯ ಕೆಳಗಿನವು ತಮ್ಮತಮ್ಮೊಳಗ ಝೆಡ್ ನೋಡಿ ನಿಂದರತಾವು, ಮ್ಯಾಲಿನವು ತಮ್ಮತಮ್ಮೊಳಗ, ಆದ್ರ ಮ್ಯಾಲಿನ ಗುಂಪು ಪೂರ್ತಿ ಕೆಳಗಿನ ಗುಂಪಿನ ಮುಂದ. ಗ್ವಾಡಿ ದಾಟಿ ಒಂದಕ್ಕೊಂದು ನೆರಳೂ ಬೀಳಂಗಿಲ್ಲ, ಒಂದರಾಗ ಒಂದು ಹಾಯೋದೂ ಇಲ್ಲ. ಕಾಕಾಗ ಹೇಳ್ದೆ, ಅಂವ ತಲಿ ಅಲ್ಲಾಡಿಸಿ ಅಂದ, ಅದಕ್ಕ ರಸ್ತೆ ಪರದೆ ಬಿಡ್ತಿದ್ವಿ, ಮುಂದ ಹಾಸ್ಯದಾವರು ನಗಸ್ತಿರಬೇಕು, ಹಿಂದ ನಾವು ದರ್ಬಾರು ಜೋಡಸ್ತಿರಬೇಕು, ಅವರ ಕಡೆಯವ್ರು ಇವರ ಕಡೆ ಬರಬಾರ್ದು.

ಮಂಜಿಗೆ ಬ್ಯಾರೆ ದಾರಿ ಹಿಡದೆ. ತಿಳಿನೀಲಿ ಸಾಲಿಡ್ (ಒಂದ ಬಣ್ಣದ ಲೇಯರ್) ಒಂದು, ಅಂಚು ಫೆದರ್ (ಮೆತ್ತಗ) ಮಾಡಿದ ಮಾಸ್ಕ್, ಅಪಾಸಿಟಿ (ಗಾಢತೆ) 25, ಅದನ್ನೂ ತ್ರೀಡಿ ಮಾಡಿ ಮಂಟಪ ಮತ್ತ ಸ್ತಂಭದ ನಡುವ ಝೆಡ್ 1500ಕ್ಕ ಜೋತು ಹಾಕಿದೆ. ಅದು ಗ್ವಾಡಿ ಅಲ್ಲ, ಅದೂ ಒಂದು ಪರದೆನ, ತೆಳ್ಳಂದು. ಬ್ಲರ್ ಬೇಕಾಗಿದ್ದು ಮಂಟಪಕ್ಕ ಒಂದಕ್ಕ, ಅದನ್ನ ನೇರ ಅದರ ಮ್ಯಾಲ ಎಫೆಕ್ಟ್ ಹಾಕಿದೆ. ಕಲರ್ ತಿದ್ದೋ ಅಡ್ಜಸ್ಟ್‌ಮೆಂಟ್ ಇದ್ರ ಎಲ್ಲಾ ತ್ರೀಡಿ ಲೇಯರಿನ ತಲಿ ಮ್ಯಾಲ ಒಂದ ಇರ್ಲಿ. ಅದರ ಮ್ಯಾಲ ಆಟದ ಹೊತ್ತು, ಫೋನ್ ನಂಬರಿನ ಟೂಡಿ ಪಟ್ಟಿ, ಬಣ್ಣ ಕೆಡಬಾರ್ದು ಅಂತ. ಟೂಡಿ ಏನಿದ್ರೂ ತುದಿಗರ ಬುಡಕ್ಕರ, ನಡುವ ಬ್ಯಾಡ.

ಇಷ್ಟು ಕಲಿತ ಮ್ಯಾಲೂ ಮರುದಿನ ಅದ ರೋಗ ಮತ್ತ ಬಂತು, ಈ ಸಲ ಅಕ್ಷರಕ್ಕ ಲೇಯರ್ ಸ್ಟೈಲಿನಿಂದ ಡ್ರಾಪ್ ಶ್ಯಾಡೊ ಕೊಟ್ಟಿದ್ದೆ. ಲೇಯರ್ ಸ್ಟೈಲ್ ಇರೋ ತ್ರೀಡಿ ಲೇಯರೂ ಗ್ವಾಡಿನ. ಸ್ಟೈಲ್ ಕಿತ್ತು ಎಫೆಕ್ಟ್ ಮೆನುವಿನಾಗಿನ ಡ್ರಾಪ್ ಶ್ಯಾಡೊ ಹಾಕಿದೆ, ನೋಡಾಕ ಹೆಚ್ಚುಕಡಿಮಿ ಅದ, ರೋಗ ಹೋತು.

ಅಕ್ಷರದ ಸುದ್ದಿ ಬಂತಲ್ಲ. ಮಾಲಕ್ರು ಕೊಟ್ಟಿದ್ದು "ಬರ್ರಿ ನಕ್ಕು ಹೋಗ್ರಿ" ಅಂತ ಒಂದು ಸಾಲು, ಪಾಂಪ್ಲೆಟ್ ಮಾಡಿದವರ ಹತ್ರ ಇಸ್ಕೊಂಡಿದ್ದು, ನುಡಿ ಸಾಫ್ಟ್‌ವೇರಿನ ಹಳೇ ಫಾಂಟಿನಾಗ ಹೊಡದಿದ್ದು. ಅಕ್ಷರ ಒಂದೊಂದ ಮ್ಯಾಲಿಂದ ಬೀಳಬೇಕು. ಟೆಕ್ಸ್ಟ್ ಆ್ಯನಿಮೇಟರ್ ಹಾಕಿದೆ. ನ ಬಿತ್ತು, ಕು ಬಿತ್ತು, ಅದರ ಒತ್ತು ಅರ್ಧ ಸೆಕೆಂಡ್ ಆದ ಮ್ಯಾಲ ಒಂದ ಮಳೆ ಹನಿಯಂಗ ಬಂದು ಕುಂತಿತು. ಹೋ ಅಕ್ಷರದ ದೀರ್ಘ ಬ್ಯಾರೆ, ಗ್ರಿಯ ಒತ್ತು ಬ್ಯಾರೆ. ಹಳೇ ಫಾಂಟಿನಾಗ ಒತ್ತು, ದೀರ್ಘ ಎಲ್ಲಾ ಬ್ಯಾರೆ ಬ್ಯಾರೆ ಅಕ್ಷರ ಅಂತ ಇರ್ತಾವು, ಸಾಫ್ಟ್‌ವೇರಿಗೆ ಅದು ಕನ್ನಡ ಅಂತ ಹೆಂಗ ತಿಳೀಬೇಕು ಪಾಪ. ಆ್ಯನಿಮೇಟರ್ ಬಿಟ್ಟು ಬ, ರ್ರಿ, ನ, ಕ್ಕು, ಹೋ, ಗ್ರಿ ಅಂತ ಆರು ಲೇಯರ್ ಮಾಡಿದೆ. ಒಂದು ಮಾಡಿ ಕಂಟ್ರೋಲ್ ಡಿ ಒತ್ತೋದು, ನಕಲಿನಾಗ ಅಕ್ಷರ ಬದಲಿ ಮಾಡಿ ಬಾಜೂಕ ಸರಸೋದು, ಮತ್ತ ಕಂಟ್ರೋಲ್ ಡಿ.

ಒಂದರ ಹಿಂದ ಒಂದು ಬೀಳಾಕ ಇಂಡೆಕ್ಸ್ (ಪಟ್ಟಿಯೊಳಗ ಲೇಯರಿನ ನಂಬರ್) ಲೆಕ್ಕದ ಸಣ್ಣ ಕೋಡ್, ಅಂದ್ರ ಎಕ್ಸ್‌ಪ್ರೆಶನ್ ಬರದೆ, ಲೇಯರ್ ನಂಬರ್ ಎಷ್ಟೋ ಅಷ್ಟು ದಶಾಂಶ ಸೆಕೆಂಡ್ ತಡ ಅಂತ. ಪ್ಲೇ ಮಾಡಿದ್ರ ಮೊದಲ ಗ್ರಿ ಬಿತ್ತು, ಆಮ್ಯಾಲ ಹೋ, ಆಮ್ಯಾಲ ಕ್ಕು. ಬಲದಿಂದ ಎಡಕ್ಕ. ಕಂಟ್ರೋಲ್ ಡಿ ಮಾಡಿದ ನಕಲು ಮೂಲದ ಮ್ಯಾಲ ಬಂದು ಕೂಡತೈತಿ, ಮ್ಯಾಲ ಇದ್ದದ್ದು ನಂಬರ್ ಒಂದು, ಅಂದ್ರ ಮೊದಲ ಮಾಡಿದ ಬ ಎಲ್ಲಾಕ್ಕಿಂತ ಕೆಳಗ, ದೊಡ್ಡ ನಂಬರ್, ಕಡೀಕ ಬೀಳ್ತೈತಿ. ಆರು ಲೇಯರ್ ಕೈಲೆ ಎಳದು ಉಲ್ಟಾ ಮಾಡಬಹುದು, ಆದ್ರ ಇದಕ್ಕೊಂದು ಚೊಲೊ ಉಪಾಯ ಐತಿ. ಬುಡದ ಲೇಯರಿನ ಮ್ಯಾಲ ಮೊದಲ ಒತ್ತಿ, ಶಿಫ್ಟ್ ಹಿಡದು ತುದಿಯದು ಒತ್ತಿ, ಕಟ್ ಮಾಡಿ ಪೇಸ್ಟ್ ಮಾಡ್ರಿ. ಯಾವುದು ಮೊದಲ ಆರಿಸಿದ್ರೋ ಅದು ಪೇಸ್ಟ್ ಆಗುವಾಗ ಮ್ಯಾಲ ಬರ್ತೈತಿ, ಸಾಲು ಪೂರ್ತಿ ಉಲ್ಟಾ. ಸೀಕ್ವೆನ್ಸ್ ಲೇಯರ್ಸ್ (ಲೇಯರ್ ಒಂದರ ಹಿಂದ ಒಂದು ಹಚ್ಚೋ ಆಜ್ಞೆ) ಬಳಸುವಾಗನೂ ಇದ ಕಥಿ, ನೀವು ಯಾವ ಕ್ರಮದಾಗ ಆರಿಸ್ತೀರಿ ಆ ಕ್ರಮದಾಗ ಜೋಡಸ್ತೈತಿ.

ಇನ್ನೊಂದು ಸಣ್ಣ ಗುಂಡಿ ಐತಿ ಇಲ್ಲಿ. ಆಮ್ಯಾಲ ಮ್ಯಾಲ ಒಂದು ಪಟ್ಟಿ ಲೇಯರ್ ಸೇರಿಸಿದೆ, ಆರೂ ಅಕ್ಷರದ ನಂಬರ್ ಒಂದೊಂದು ಹೆಚ್ಚಾತು, ಎಲ್ಲಾ ತಡ ಆಗಿ ಬೀಳಾಕತ್ತಿದ್ವು, ತಾಳದ ಪೆಟ್ಟಿಗೆ ಹೊಂದಲಿಲ್ಲ. ಅಕ್ಷರಗಳ ತಲಿ ಮ್ಯಾಲ ಒಂದು ನಲ್ (ಕಣ್ಣಿಗೆ ಕಾಣದ ಖಾಲಿ ಲೇಯರ್) ಇಟ್ಟು, ತನ್ನ ಇಂಡೆಕ್ಸಿನಾಗ ಆ ನಲ್ಲಿನ ಇಂಡೆಕ್ಸ್ ಕಳೀಬೇಕು ಅಂತ ಬರದೆ. ಈಗ ಮ್ಯಾಲ ಎಷ್ಟರ ಲೇಯರ್ ಬರಲಿ, ಲೆಕ್ಕ ನಲ್ಲಿನಿಂದ ಶುರು.

ಕ್ಯಾಮೆರಾ ಓಡಿಸೋದು ಸಸಾರ ಆತು, ಮೈನಸ್ 2666.7ರಿಂದ ಮೈನಸ್ 1000ಕ್ಕ, ಎಂಟು ಸೆಕೆಂಡಿನಾಗ, ಪರದೆ ಸರದ ಮ್ಯಾಲ ಅದರ ನಡುವ ಹಾದು ಒಳಗ. ಒಂದು ಸಲ ಮಾತ್ರ ಕೀಫ್ರೇಮ್ (ಯಾವ ಹೊತ್ತಿಗೆ ಎಲ್ಲಿರಬೇಕು ಅಂತ ಹಾಕೋ ಗುರುತು) ಇದ್ದೂ ಕ್ಯಾಮೆರಾ ಅಲುಗಾಡಲಿಲ್ಲ, ನೋಡಿದ್ರ ಮೊದಲ ಪ್ರಯೋಗಕ್ಕ ಹಾಕಿದ ಇನ್ನೊಂದು ಕ್ಯಾಮೆರಾ ಮ್ಯಾಲ ಉಳದಿತ್ತು. ಎರಡು ಇದ್ರ ಮ್ಯಾಲಿಂದರ ಮಾತೇ ನಡೀತೈತಿ.

ಐದನೇ ರಾತ್ರಿ ಕಲಾವಿದರ ಫೋಟೊ. ಇಲ್ಲಿ ತಾಂತ್ರಿಕ ತ್ರಾಸಿಗಿಂತ ಬ್ಯಾರೆ ತ್ರಾಸು ದೊಡ್ಡದು. ಏಳು ಮಂದಿ. ಸಾಲಾಗಿ ಒಬ್ಬರ ಹೆಗಲ ಮ್ಯಾಲ ಒಬ್ಬರು ಬರೋಹಂಗ ಇಟ್ಟಿದ್ದೆ, ಮಾಲಕ್ರು ಮುಂದ. ವಾಟ್ಸ್ಯಾಪಿನಾಗ ಕಳಿಸಿದ ಹತ್ತು ನಿಮಿಷಕ್ಕ ಮಾಲಕ್ರದ ಫೋನ್, ಹಾಸ್ಯ ಕಲಾವಿದರನ್ನ ಮುಂದ ತಾ, ಮಂದಿ ಬರೋದು ಅವರ ಸಲುವಾಗಿ. ತಂದೆ. ಮರುದಿನ ನಾಯಕಿ ಪಾತ್ರದಾವರ ಹೆಗಲು ಮುಚ್ಚೇತಿ ಅಂತ. ಆಮ್ಯಾಲ ಹಿರೇ ಕಲಾವಿದರು ಒಬ್ಬರು ಹಿಂದ ಹೋಗ್ಯಾರ, ಅವರಿಗೆ ಬ್ಯಾಸರ ಆಗ್ತೈತಿ ಅಂತ. ನಾಕು ಸಲ ಸಾಲು ಬದಲಿ. ಆಮ್ಯಾಲ ಎಲ್ಲಾರೂ ಒಂದೊಂದ ಸಲ ಮುಂದ ಬರೋಹಂಗ ಮಾಡು ಅಂದ್ರು.

ಲೇಯರಿನ ಸಾಲಿಗೆ ಕೀಫ್ರೇಮ್ ಹಾಕಾಕ ಬರಂಗಿಲ್ಲ. ಒಬ್ಬರು ನಡುವ ಮುಂದ ಬರಬೇಕಂದ್ರ ಕಂಟ್ರೋಲ್ ಶಿಫ್ಟ್ ಡಿ ಒತ್ತಿ ಲೇಯರ್ ಎರಡು ತುಂಡು ಮಾಡಿ ಎರಡನೇ ತುಂಡನ್ನ ಮ್ಯಾಲ ಇಡಬೇಕು. ಏಳು ಮಂದಿಗೆ ಅದನ್ನ ಮಾಡಿದ್ರ ಟೈಮ್‌ಲೈನ್ ಅನ್ನೋದು ಸಂತಿ ಆತು, ಯಾವ ತುಂಡು ಯಾರದು ಗೊತ್ತಾಗದಂಗ. ಅದನ್ನೆಲ್ಲಾ ಅಳಸಿ ಬ್ಯಾರೆ ಕಾಂಪಿನಾಗ ತ್ರೀಡಿ ಮಾಡಿದೆ. ನಡುವ ಒಂದು ನಲ್, ಅದೂ ತ್ರೀಡಿ. ಮೊದಲನೇ ಫೋಟೊ ನಲ್ಲಿಗಿಂತ 600 ಮುಂದ ಇಟ್ಟು ನಲ್ಲಿಗೆ ಪೇರೆಂಟ್ ಮಾಡೋದು (ನಲ್ ತಿರಗಿದಂಗ ಅದೂ ತಿರಗ್ತೈತಿ), ನಲ್ಲನ್ನ ವೈ ರೊಟೇಶನಿನಾಗ 51.43 ಡಿಗ್ರಿ (360ನ್ನ ಏಳರಿಂದ ಭಾಗಿಸಿದ್ದು) ತಿರುವೋದು, ಮೊದಲನೇದು ಬಾಜೂಕ ಹೋಗ್ತೈತಿ, ಖಾಲಿ ಆದ ಮುಂದಿನ ಜಾಗಕ್ಕ ಎರಡನೇ ಫೋಟೊ, ಪೇರೆಂಟ್, ಮತ್ತ 51.43. ಏಳು ಸಲ ಮಾಡಿದ್ರ ಒಂದು ಸುತ್ತು, ಜಾತ್ರಿಯೊಳಗಿನ ತಿರುಗೋ ತೊಟ್ಟಿಲ ಕಟ್ಟಿದಂಗ. ಕಂಟ್ರೋಲ್ ಆಲ್ಟ್ ಓ ಒತ್ತಿ ಎಲ್ಲಾ ಫೋಟೊ ಕ್ಯಾಮೆರಾ ಕಡೆ ಮುಖ ಮಾಡೋಹಂಗ ಹೇಳ್ದೆ, ಇಲ್ಲಂದ್ರ ಬಾಜೂಕ ಹೋದವ್ರು ಕಾಗದದ ಅಂಚಿನಂಗ ಕಾಣ್ತಾರ. ನಲ್ಲಿಗೆ ಎರಡ ಕೀಫ್ರೇಮ್, ಹನ್ನೆರಡು ಸೆಕೆಂಡಿಗೆ ಒಂದು ಸುತ್ತು. ಯಾರು ಮುಂದ ಯಾರು ಹಿಂದ, ಝೆಡ್ ತಾನ ನೋಡ್ಕೋತೈತಿ.

ಸೆಕೆಂಡಿಗೆ 25 ಫ್ರೇಮಿನಂಗ 40 ಸೆಕೆಂಡ್, ಸಾವಿರ ಫ್ರೇಮ್, ರೆಂಡರ್ (ಪೂರ್ತಿ ವಿಡಿಯೊ ಮಾಡಿ ತಗಿಯೋದು) ನಮ್ಮ 8 ಜಿಬಿ ಮಶೀನಿನಾಗ ಒಂದು ರಾತ್ರಿ ಪೂರ್ತಿ. ಮುಂಜಾನೆ ಕಾಕಾಗ ತೋರಿಸಿದೆ. ಪರದೆ ಸರಿಯೋದನ್ನ ಮೂರು ಸಲ ಹಾಕಿಸ್ಕೊಂಡು ನೋಡಿದ. ಪರದೆ ಎರಡೂ ಕಡೆ ಒಂದ ವೇಗದಾಗ ಸರಿತೈತಿ, ಖರೇ ಕಂಪನಿಯೊಳಗ ಹಂಗ ಎಂದೂ ಆಗಿದ್ದಿಲ್ಲ, ಒಂದು ಕಡೆಯವ ಯಾವಾಗಲೂ ತಡ ಎಳೀತಿದ್ದ ಅಂದ. ಬಲಗಡೆ ಪರದೆ ಮೂರು ಫ್ರೇಮ್ ತಡ ಮಾಡಿದೆ, ಖರೇನ ಚೊಲೊ ಕಾಣ್ತು.

ಗಾಡಿಗೆ ಕೊಟ್ಟು ಎರಡು ದಿನ ಆಗಿತ್ತು, ನಿನ್ನೆ ಸಂಜಿಕೆ ಮತ್ತ ಮಾಲಕ್ರದ ಫೋನು, ಹೊಸಾ ಕಲಾವಿದರು ಒಬ್ಬರು ಕಂಪನಿಗೆ ಬಂದಾರ, ಅವರನ್ನೂ ಸೇರಸ್ಬೇಕು ತಮ್ಮಾ ಅಂತ. ಎಂಟು ಆದ್ರ 45 ಡಿಗ್ರಿ, ಲೆಕ್ಕ ಸಸಾರ. ತೊಟ್ಟಿಲ ಬಿಚ್ಚಿ ಮತ್ತ ಕಟ್ಟಿ ರೆಂಡರಿಗೆ ಹಚ್ಚೀನಿ, ಈಗ 312ನೇ ಫ್ರೇಮ್ ನಡದೈತಿ.